ಮೊದಲು ಮುಡಿಪು, ಆಮೇಲೆ ಖರ್ಚು

ಮಗು, ಮೊದಲ ಸಂಬಳ ಖಾತೆಗೆ ಬಿತ್ತು ಎಂದು ನೀನು ಫೋನು ಮಾಡಿದಾಗ ಮನೆಮಂದಿಗೆಲ್ಲ ಆದ ಸಂತೋಷ ಅಷ್ಟಿಷ್ಟಲ್ಲ. ಅಮ್ಮನಿಗೆ ಸೀರೆ ಕೊಡಿಸಿದೆ, ಅಪ್ಪನಿಗೆ ವಾಚು ಕೊಡಿಸಿದೆ, ಗೆಳೆಯರಿಗೆ ಊಟ ಹಾಕಿಸಿದೆ. ಎಲ್ಲ ಸರಿಯೇ. ಮೊದಲ ಸಂಬಳ ಹಾಗೆಯೇ ಖರ್ಚಾಗಬೇಕು. ನಾನು ಮಾತಾಡಬೇಕೆಂದಿರುವುದು ಎರಡನೆಯ ಸಂಬಳದ ಬಗ್ಗೆ, ಅದರ ಹಿಂದೆ ಬರಲಿರುವ ನೂರಾರು ಸಂಬಳಗಳ ಬಗ್ಗೆ.

ನನ್ನ ದುಡಿಮೆಯ ಕಾಲವೆಲ್ಲ ಕಳೆದದ್ದು ಕರಾವಳಿಯ ಬ್ಯಾಂಕ್ ಶಾಖೆಗಳಲ್ಲಿ. ಅಲ್ಲಿ ಕೂತವನಿಗೆ ಊರಿನವರ ಪಾಸ್‌ಬುಕ್ಕುಗಳೆಲ್ಲ ಕಣ್ಣಿಗೆ ಬೀಳುತ್ತವೆ. ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸರು, ಮನೆಯಲ್ಲೇ ಕೂತು ಬೀಡಿ ಕಟ್ಟುವವರು ಮಗಳ ಮದುವೆಗೋ ಮನೆಯ ಹೆಂಚಿಗೋ ತಾವೇ ಕೂಡಿಟ್ಟ ದುಡ್ಡನ್ನು ಎಣಿಸಿಕೊಂಡು ಹೋಗುವುದನ್ನು ನೋಡಿದ್ದೇನೆ. ಒಳ್ಳೆಯ ಸಂಬಳ ಬರುವ ಅಧಿಕಾರಿಗಳು ಇನ್ನೂ ಇಪ್ಪತ್ತನೇ ತಾರೀಖು ದಾಟುವ ಮೊದಲೇ ಕೈಸಾಲದ ದಾರಿ ಹುಡುಕುವುದನ್ನೂ ನೋಡಿದ್ದೇನೆ. ಮೊದಲನೆಯವರು ದುಡ್ಡು ಬಂದ ಕೂಡಲೇ ಒಂದು ಪಾಲು ಎತ್ತಿಟ್ಟು, ಮಿಕ್ಕದ್ದರಲ್ಲಿ ಸಂಸಾರ ತೂಗಿಸಿದರು. ಎರಡನೆಯವರು ಮೊದಲು ಖರ್ಚು ಮಾಡಿ, ಮಿಕ್ಕರೆ ಇಡೋಣ ಎಂದುಕೊಂಡರು, ಮಿಗಲಿಲ್ಲ. ನಿನಗೆ ನಾನು ಹೇಳಬೇಕಾದ ಮಾತು ಇಷ್ಟೇ: ಉಳಿತಾಯ ತಿಂಗಳ ಮೊದಲನೆಯ ಕೆಲಸವಾಗಲಿ. ಮುಂದೆ ಹೇಳುವುದೆಲ್ಲ ಇದರ ವಿವರ.

ನಮ್ಮ ಮನೆಗಳಲ್ಲಿ ಮುಡಿಪು ಕಟ್ಟುವುದು ನಿನಗೆ ಗೊತ್ತು. ತಿರುಪತಿ ತಿಮ್ಮಪ್ಪನಿಗೋ ಧರ್ಮಸ್ಥಳದ ಮಂಜುನಾಥನಿಗೋ ಹರಕೆ ಹೊತ್ತವರು ಅರಿಶಿನ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ ದೇವರ ಕೋಣೆಯಲ್ಲಿ ಇಡುತ್ತಾರೆ. ಆಮೇಲೆ ಮನೆಗೆ ಎಂಥ ಮುಗ್ಗಟ್ಟು ಬಂದರೂ ಆ ಗಂಟಿಗೆ ಯಾರೂ ಕೈ ಹಾಕುವುದಿಲ್ಲ. ಕೈ ಹಾಕೋಣವೇ ಬೇಡವೇ ಎಂಬ ಚರ್ಚೆಯೂ ನಡೆಯುವುದಿಲ್ಲ, ಏಕೆಂದರೆ ಅದು ನಮ್ಮ ಖರ್ಚಿಗಲ್ಲ ಎಂಬುದು ಕಟ್ಟಿದ ದಿನವೇ ತೀರ್ಮಾನವಾಗಿದೆ. ಸಂಯಮ ಎಂದರೆ ದಿನವೂ ಆಸೆಯ ಜೊತೆ ಗುದ್ದಾಡುವುದು ಎಂದು ನಿನ್ನ ವಯಸ್ಸಿನವರು ತಿಳಿದಿರುತ್ತಾರೆ. ದಿನವೂ ಗುದ್ದಾಡುವವರು ಒಂದಲ್ಲ ಒಂದು ದಿನ ಸೋಲುತ್ತಾರೆ. ಕೆಲಸದಿಂದ ಸುಸ್ತಾಗಿ ಬಂದ ಸಂಜೆ ಸೋಲುತ್ತಾರೆ, ಮನಸ್ಸು ಮುದುಡಿದಾಗ ಸೋಲುತ್ತಾರೆ, ಗೆಳೆಯರ ಎದುರು ಬೇಡ ಎನ್ನಲು ನಾಚಿಕೊಂಡು ಸೋಲುತ್ತಾರೆ. ಮುಡಿಪು ಕಟ್ಟುವವರು ತಿಂಗಳಿಗೆ ಒಮ್ಮೆ, ಮನಸ್ಸು ತಿಳಿಯಾಗಿರುವಾಗ ತೀರ್ಮಾನ ಮಾಡುತ್ತಾರೆ. ಉಳಿದ ದಿನಗಳಲ್ಲಿ ನಿಶ್ಚಿಂತೆಯಿಂದ ಇರುತ್ತಾರೆ. ನಿನ್ನ ಉಳಿತಾಯಕ್ಕೂ ಆ ಪಾವಿತ್ರ್ಯ ಬರಲಿ.

ಎರಡಾಣೆಯ ಪಾಠ

ಮೊದಲು ಎತ್ತಿಟ್ಟು ಆಮೇಲೆ ಖರ್ಚು ಮಾಡುವ ಈ ದಾರಿ ನಾನು ಕಂಡುಹಿಡಿದದ್ದೇನೂ ಅಲ್ಲ. ನಮ್ಮ ಉಡುಪಿಯ ಮೂವರು ಸುಮಾರು ನೂರು ವರ್ಷದ ಹಿಂದೆಯೇ ಇದನ್ನು ಮಾಡಿ ತೋರಿಸಿದ್ದಾರೆ. 1925ರಲ್ಲಿ ವೈದ್ಯರಾಗಿದ್ದ ಡಾ. ಟಿ.ಎಂ.ಎ. ಪೈ, ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆ ಕಟ್ಟಿದರು. ಕೈಮಗ್ಗದ ಕಸುಬು ಕುಸಿದು ಕಂಗಾಲಾಗಿದ್ದ ನೇಕಾರರಿಗೆ ಆಸರೆಯಾಗುವುದು ಅವರ ಉದ್ದೇಶವಾಗಿತ್ತು. ಸಿಂಡಿಕೇಟ್ ಬ್ಯಾಂಕ್ ಎಂದು ನಾಡಿಗೆಲ್ಲ ಗೊತ್ತಾದದ್ದು ಇದೇ ಸಂಸ್ಥೆ. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು.

1928ರಲ್ಲಿ ಅವರು ಪಿಗ್ಮಿ ಠೇವಣಿ ಶುರು ಮಾಡಿದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು; ಏಜೆಂಟರು ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಹದಿನಾರಾಣೆಗೆ ಒಂದು ರೂಪಾಯಿಯಾಗಿದ್ದ ಆ ಕಾಲದಲ್ಲಿ ಎರಡಾಣೆ ಎಂದರೆ ರೂಪಾಯಿಯ ಎಂಟನೇ ಒಂದು ಪಾಲು. ಅಷ್ಟು ಚಿಕ್ಕ ದುಡ್ಡನ್ನು ಹಿಡಿದುಕೊಂಡು ಬ್ಯಾಂಕಿನ ಮೆಟ್ಟಿಲು ಹತ್ತಲು ಬಡವರಿಗೆ ಸಂಕೋಚ. ಅಂಗಡಿ ಬಿಟ್ಟು ಹೋಗಲು ಪುರುಸೊತ್ತಿಲ್ಲ. ದುಡ್ಡು ರಾತ್ರಿ ಮನೆಯಲ್ಲಿ ಉಳಿದರೆ ಬೆಳಗಾಗುವುದರೊಳಗೆ ಅದಕ್ಕೆ ನಾಲ್ಕು ದಾರಿ. ಬ್ಯಾಂಕೇ ಬಾಗಿಲಿಗೆ ಬಂದಾಗ ಈ ಮೂರೂ ತೊಡಕು ಒಟ್ಟಿಗೆ ನೀಗಿದವು.

ಪಿಗ್ಮಿಗೆ ಸಿಗುತ್ತಿದ್ದ ಬಡ್ಡಿಗಿಂತ ಅದು ಕಲಿಸಿದ ಅಭ್ಯಾಸ ದೊಡ್ಡದು. ಹೂವು ಮಾರುವವರು, ಹೋಟೆಲಿನ ಮಾಣಿಗಳು, ಗೂಡಂಗಡಿಯವರು ದಿನದ ಲೆಕ್ಕದಲ್ಲಿ ಪಿಗ್ಮಿಯನ್ನು ಒಂದು ಖರ್ಚಾಗಿಯೇ ಸೇರಿಸಿಕೊಂಡಿದ್ದರು. ಸಾಮಾನಿನ ದುಡ್ಡು, ಕೂಲಿಯ ದುಡ್ಡು, ಪಿಗ್ಮಿಯ ದುಡ್ಡು. ಅದು ಹೋದ ಮೇಲೆ ಕೈಯಲ್ಲಿ ಇದ್ದುದಷ್ಟೇ ತಮ್ಮದು. ವ್ಯಾಪಾರ ಕುಸಿದ ದಿನ ಮೊತ್ತ ಚಿಕ್ಕದಾಗುತ್ತಿತ್ತು, ಆದರೆ ಏಜೆಂಟರನ್ನು ಬರಿಗೈಯಲ್ಲಿ ಕಳಿಸುವುದು ಅವರಿಗೆ ಸರಿಬರುತ್ತಿರಲಿಲ್ಲ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು ನಾನು ನಿಜವಾಗಿ ನಂಬಿದ್ದು ಪಿಗ್ಮಿಯ ಜಮಾ ಚೀಟಿಗಳನ್ನು ಲೆಡ್ಜರಿಗೆ ಏರಿಸುವಾಗ.

ಇಂದು ಬಾಗಿಲಿಗೆ ಬರುವವರು

ನಿನ್ನ ಕಾಲಕ್ಕೆ ಬಾಗಿಲಿಗೆ ಬರುವವರು ಬದಲಾಗಿದ್ದಾರೆ. ಅಂದು ಒಬ್ಬರು ದಿನವೂ ಬಂದು ನಿನ್ನ ಹೆಸರಿನಲ್ಲಿ ಇಡಲು ದುಡ್ಡು ಕೇಳುತ್ತಿದ್ದರು. ಇಂದು ನಿನ್ನ ಫೋನಿನೊಳಗೆ ಹತ್ತಾರು ಮಂದಿ ಕೂತು, ತಮ್ಮ ಹೆಸರಿಗೆ ದುಡ್ಡು ಕೇಳುತ್ತಿದ್ದಾರೆ. ಹಸಿವಾಗುವ ಹೊತ್ತಿಗೆ ಬಿರಿಯಾನಿಯ ಚಿತ್ರ, ಸಂಬಳದ ವಾರದಲ್ಲಿ ಸೇಲಿನ ಸುದ್ದಿ, ಮಲಗುವ ಹೊತ್ತಿಗೆ ನೀನು ಮಧ್ಯಾಹ್ನ ಹುಡುಕಿದ್ದ ಶೂ. ಇದನ್ನೆಲ್ಲ ರೂಪಿಸುವವರು ಬಹಳ ಓದಿದವರು. ನೀನು ಯಾವಾಗ ಮೆತ್ತಗಾಗುತ್ತೀ ಎಂದು ತಿಳಿದುಕೊಳ್ಳುವುದೇ ಅವರ ಕೆಲಸ. ಸೋತೆನಲ್ಲ ಎಂದು ನಿನ್ನನ್ನು ನೀನು ಹಳಿದುಕೊಳ್ಳಬೇಡ. ಅವರ ಆಟದ ಅಂಗಳಕ್ಕೆ ಹೋಗುವುದನ್ನು ಕಡಿಮೆ ಮಾಡು.

2016ರಲ್ಲಿ ಬಂದ ಯುಪಿಐಯಿಂದ ನಮಗೆಲ್ಲ ಬಹಳ ಅನುಕೂಲವಾಗಿದೆ. ಊರಿಗೆ ದುಡ್ಡು ಕಳಿಸಲು ಮನಿಯಾರ್ಡರಿಗೆ ಸಾಲು ನಿಲ್ಲುತ್ತಿದ್ದ ಕಾಲವನ್ನು ನೋಡಿದ ನನಗೆ ಅದರ ಬೆಲೆ ಗೊತ್ತು. ಆದರೆ ಐನೂರರ ನೋಟು ಮುರಿಸುವಾಗ ಮನಸ್ಸು ಒಮ್ಮೆ ಅಳುಕುತ್ತಿತ್ತು, ಜೇಬು ತೆಳ್ಳಗಾದದ್ದು ಕೈಗೆ ತಿಳಿಯುತ್ತಿತ್ತು. ಸ್ಕ್ಯಾನ್ ಮಾಡಿ ಪಿನ್ ಒತ್ತುವಾಗ ಆ ಅಳುಕು ಬರುವುದಿಲ್ಲ. ಆದ್ದರಿಂದ ಆ ತಡೆಯನ್ನು ನೀನೇ ಕಟ್ಟಿಕೊಳ್ಳಬೇಕು.

ಹೀಗೆ ಮಾಡು. ಎರಡು ಖಾತೆ ಇಟ್ಟುಕೋ. ಒಂದಕ್ಕೆ ಸಂಬಳ ಬರಲಿ. ಅದಕ್ಕೆ ಯುಪಿಐ ಜೋಡಿಸಬೇಡ, ಅದರ ಕಾರ್ಡನ್ನು ಮನೆಯಲ್ಲೇ ಬಿಡು. ಸಂಬಳ ಬಂದ ಮರುದಿನವೇ ಉಳಿತಾಯದ ಪಾಲು ತಾನಾಗಿ ಕಡಿತವಾಗುವಂತೆ ಬ್ಯಾಂಕಿಗೆ ಒಮ್ಮೆ ಬರೆದುಕೊಟ್ಟುಬಿಡು. ಬಾಡಿಗೆ, ಕರೆಂಟು ಬಿಲ್ಲು, ಮನೆಗೆ ಕಳಿಸುವ ದುಡ್ಡು ಅಲ್ಲಿಂದಲೇ ಹೋಗಲಿ. ದಿನದ ಖರ್ಚಿಗೆ ಎರಡನೆಯ ಖಾತೆ. ಪ್ರತಿ ಸೋಮವಾರ ಆ ವಾರದ ಖರ್ಚಿನಷ್ಟನ್ನೇ ಅದಕ್ಕೆ ಹಾಕಿಕೋ. ಯುಪಿಐ ಅದಕ್ಕೆ ಮಾತ್ರ ಇರಲಿ. ಶುಕ್ರವಾರಕ್ಕೆ ಅದು ಬರಿದಾದರೆ ಶನಿವಾರ ಅನ್ನ ಸಾರು ನೀನೇ ಮಾಡಿಕೊಳ್ಳುತ್ತೀ. ಈ ಏರ್ಪಾಟು ಮಾಡಲು ಒಂದು ಬೆಳಗಿನ ಕೆಲಸ ಸಾಕು, ಪ್ರಯೋಜನ ವರ್ಷಗಟ್ಟಲೆ.

ಎಷ್ಟು ಎತ್ತಿಡಬೇಕು ಎಂದು ಕೇಳುತ್ತೀ. ಕೈಗೆ ಬರುವ ಸಂಬಳದ ಐದನೇ ಒಂದು ಪಾಲು ಒಳ್ಳೆಯ ಆರಂಭ. 35,000 ರೂಪಾಯಿ ಬರುತ್ತಿದ್ದರೆ 7,000. ಮನೆಯ ಜವಾಬ್ದಾರಿ ಹೆಚ್ಚಿದ್ದು ಅಷ್ಟು ಆಗದಿದ್ದರೆ ಹತ್ತನೇ ಒಂದು ಪಾಲು. ಅದೂ ಕಷ್ಟವೆನಿಸಿದರೆ 500 ರೂಪಾಯಿಯಿಂದ ಶುರು ಮಾಡು, ಆದರೆ ಶುರು ಮಾಡು. ಇಂಕ್ರಿಮೆಂಟು ಬಂದಾಗಲೆಲ್ಲ ಹೆಚ್ಚಿದ ದುಡ್ಡಿನಲ್ಲಿ ಅರ್ಧವನ್ನು ಉಳಿತಾಯಕ್ಕೆ ಸೇರಿಸು. ಇನ್ನರ್ಧದಲ್ಲಿ ಬದುಕು ಸುಧಾರಿಸಲಿ. ಸಂಬಳದ ಜೊತೆಗೇ ಖರ್ಚನ್ನು ಪೂರ್ತಿ ಏರಿಸಿಕೊಂಡವರು ಹತ್ತು ವರ್ಷ ದುಡಿದ ಮೇಲೂ ಮೊದಲ ತಿಂಗಳಿನಲ್ಲಿದ್ದ ಜಾಗದಲ್ಲೇ ಇರುತ್ತಾರೆ.

ಬೇಗ ಶುರು ಮಾಡು ಎಂದು ಒತ್ತಿ ಹೇಳಲು ಕಾರಣ ಬಡ್ಡಿಯ ಮೇಲಿನ ಬಡ್ಡಿ. ಇಪ್ಪತ್ತೈದರ ವಯಸ್ಸಿನಿಂದ ಐವತ್ತೈದರವರೆಗೆ ತಿಂಗಳಿಗೆ 5,000 ರೂಪಾಯಿ ಕಟ್ಟಿ, ವರ್ಷಕ್ಕೆ ಶೇ 7ರ ಬಡ್ಡಿ ತಿಂಗಳು ತಿಂಗಳೂ ಅಸಲಿಗೆ ಸೇರುತ್ತಾ ಹೋದರೆ ಕೊನೆಗೆ ಸುಮಾರು 61 ಲಕ್ಷ ಆಗುತ್ತದೆ. ನೀನು ಕೈಯಿಂದ ಹಾಕಿದ್ದು 18 ಲಕ್ಷ. ಅದನ್ನೇ ಮೂವತ್ತೈದರಲ್ಲಿ ಶುರು ಮಾಡಿದರೆ ಕೈಯಿಂದ ಹೋಗುವುದು 12 ಲಕ್ಷ, ಸಿಗುವುದು ಸುಮಾರು 26 ಲಕ್ಷ. ಹತ್ತು ವರ್ಷ ತಡಮಾಡಿ 6 ಲಕ್ಷ ಕಡಿಮೆ ಕಟ್ಟಿದ್ದಕ್ಕೆ ಕಳೆದುಕೊಂಡದ್ದು 35 ಲಕ್ಷ. ನಿನ್ನ ವಯಸ್ಸು ನಿನ್ನ ದೊಡ್ಡ ಆಸ್ತಿ ಎಂದು ನಾನು ಹೇಳುವುದು ಬರಿಯ ಮಾತಿಗಲ್ಲ.

ಬರೆದಿಡು

ಎರಡನೆಯ ಅಭ್ಯಾಸ ಲೆಕ್ಕ ಬರೆಯುವುದು. ಗಾಂಧೀಜಿ 1888ರಿಂದ 1891ರವರೆಗೆ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದಾಗ ಬಸ್ಸಿನ ಚಾರ್ಜು, ಅಂಚೆಯ ಖರ್ಚು, ಪತ್ರಿಕೆಯ ಕಾಸನ್ನೂ ಬಿಡದೆ ಬರೆದಿಡುತ್ತಿದ್ದರು. ರಾತ್ರಿ ಮಲಗುವ ಮೊದಲು ಲೆಕ್ಕ ತಾಳೆ ಹಾಕುತ್ತಿದ್ದರು. ಆ ಲೆಕ್ಕ ಕಣ್ಣೆದುರಿಗೆ ಇದ್ದುದರಿಂದಲೇ ಅವರು ಎರಡು ಕೋಣೆಯ ಬಿಡಾರ ಬಿಟ್ಟು ಒಂದು ಕೋಣೆಗೆ ಬಂದರು, ಗಾಡಿ ಬಿಟ್ಟು ನಡೆಯತೊಡಗಿದರು, ಬೆಳಗಿನ ಗಂಜಿ ತಾವೇ ಕಾಯಿಸಿಕೊಂಡರು. ಮುಂದೆ ಲಕ್ಷಗಟ್ಟಲೆ ಸಾರ್ವಜನಿಕ ಹಣ ಕೈಯಲ್ಲಿ ಓಡಾಡಿದಾಗ ಸಾಲದ ಸುಳಿಗೆ ಸಿಗದೆ ನಡೆದದ್ದಕ್ಕೆ ಈ ಅಭ್ಯಾಸವೇ ಕಾರಣ ಎಂಬ ಅರ್ಥದಲ್ಲಿ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ನೀನೂ ಬರೆ. ಆ್ಯಪಿನಲ್ಲಿ ತಾನಾಗಿ ದಾಖಲಾಗುತ್ತದಲ್ಲ ಎನ್ನಬೇಡ. ತಾನಾಗಿ ದಾಖಲಾದದ್ದನ್ನು ಯಾರೂ ತಿರುಗಿ ನೋಡುವುದಿಲ್ಲ; ಕೈಯಾರೆ ಬರೆದದ್ದು ಮನಸ್ಸಿಗೆ ಇಳಿಯುತ್ತದೆ. ಒಂದು ಚಿಕ್ಕ ನೋಟ್‌ಬುಕ್ ಸಾಕು. ಮೂರು ತಿಂಗಳು ಬಿಡದೆ ಬರೆದರೆ ನಿನ್ನ ದುಡ್ಡು ಸೋರುವ ಜಾಗ ನಿನಗೇ ಕಾಣುತ್ತದೆ. ಮನೆಗೆ ತರಿಸುವ ಊಟ ತಿಂಡಿಗೆ ದಿನಕ್ಕೆ 150 ರೂಪಾಯಿ ಹೋಗುತ್ತಿದ್ದರೆ ತಿಂಗಳಿಗೆ 4,500, ವರ್ಷಕ್ಕೆ 54,000. ಈ ಮೊತ್ತವನ್ನು ಪುಸ್ತಕದಲ್ಲಿ ನೋಡಿದ ಮೇಲೆ ಬೀದಿ ತುದಿಯ ದರ್ಶಿನಿಯವರೆಗೆ ನಡೆದು ಹೋಗಲು ಯಾರೂ ನಿನಗೆ ಹೇಳಬೇಕಾಗುವುದಿಲ್ಲ. ನೋಡದೇ ಬಿಟ್ಟ ಓಟಿಟಿ ಚಂದಾ, ಹೋಗದೇ ಬಿಟ್ಟ ಜಿಮ್ಮಿನ ಫೀಸು, ಆಟೋ ಸಿಗದೆಂದು ಕ್ಯಾಬಿಗೆ ಕೊಟ್ಟ ದುಡ್ಡು ಒಂದೊಂದಾಗಿ ಮೇಲೆ ಬರುತ್ತವೆ.

ದೊಡ್ಡ ವಸ್ತು ಕೊಳ್ಳುವಾಗ ಒಂದು ನಿಯಮ ಇಟ್ಟುಕೋ. 2,000 ರೂಪಾಯಿ ಮೀರಿದ ಯಾವುದನ್ನೂ ನೋಡಿದ ದಿನ ಕೊಳ್ಳಬೇಡ. ಅದರ ಹೆಸರು, ಬೆಲೆ, ತಾರೀಖು ಪುಸ್ತಕದ ಕೊನೆಯ ಪುಟದಲ್ಲಿ ಬರೆ. ಹದಿನೈದು ದಿನ ಕಳೆದ ಮೇಲೂ ಬೇಕೆನಿಸಿದರೆ ನೆಮ್ಮದಿಯಿಂದ ಕೊಂಡುಕೋ. ಆ ಪುಟದಲ್ಲಿ ಬರೆದ ಎಷ್ಟೋ ಹೆಸರುಗಳ ಮೇಲೆ ನೀನೇ ಗೆರೆ ಎಳೆಯುತ್ತೀ. ಶಾಪಿಂಗ್ ಆ್ಯಪುಗಳಲ್ಲಿ ನಿನ್ನ ಕಾರ್ಡಿನ ವಿವರ ಉಳಿಸಿದ್ದರೆ ಇವತ್ತೇ ಅಳಿಸು, ಅವುಗಳ ನೋಟಿಫಿಕೇಶನ್ ಬಂದ್ ಮಾಡು.

ಸಾಲ ಮತ್ತು ಸುಲಭದ ಕಂತು

ಇನ್ನು ಸಾಲದ ವಿಷಯ. ನೌಕರಿ ಸೇರಿದ ತಿಂಗಳಿಂದಲೇ ಕ್ರೆಡಿಟ್ ಕಾರ್ಡಿಗೆ ಕರೆ ಬರುತ್ತದೆ. ಬಿಲ್ಲನ್ನು ಗಡುವಿನೊಳಗೆ ಪೂರ್ತಿ ಕಟ್ಟುವ ಶಿಸ್ತು ಇದ್ದರೆ ಕಾರ್ಡಿನಿಂದ ತೊಂದರೆ ಇಲ್ಲ. ತೊಂದರೆ ಇರುವುದು ಬಿಲ್ಲಿನಲ್ಲಿ ಕಾಣಿಸುವ ‘ಕನಿಷ್ಠ ಬಾಕಿ’ ಎಂಬ ಸಾಲಿನಲ್ಲಿ. ಅಷ್ಟು ಕಟ್ಟಿದರೆ ಸಾಕಲ್ಲ ಎನಿಸುತ್ತದೆ. ಮಿಕ್ಕ ಬಾಕಿಯ ಮೇಲೆ ಅನೇಕ ಕಾರ್ಡುಗಳಲ್ಲಿ ತಿಂಗಳಿಗೆ ಶೇ 3ರಿಂದ 3.75ರವರೆಗೆ ಬಡ್ಡಿ ಬೀಳುತ್ತದೆ. ಬಡ್ಡಿಯ ಮೇಲೆ ಜಿಎಸ್‌ಟಿ ಬೇರೆ. 50,000 ರೂಪಾಯಿ ಬಾಕಿ ತಿಂಗಳಿಗೆ ಶೇ 3.5ರಂತೆ ಒಂದು ವರ್ಷ ಬೆಳೆದರೆ ದಂಡ, ತೆರಿಗೆ ಬಿಟ್ಟೇ 75,000 ದಾಟುತ್ತದೆ. ನಿನ್ನ ಠೇವಣಿಗೆ ಬ್ಯಾಂಕು ವರ್ಷಕ್ಕೆ ಶೇ 7 ಕೊಡುವುದೇ ಕಷ್ಟ. ಆದ್ದರಿಂದ ಕಾರ್ಡಿನ ಬಾಕಿ ಇರುವವರು ಬೇರೆಲ್ಲ ಹೂಡಿಕೆಗಿಂತ ಮೊದಲು ಅದನ್ನು ತೀರಿಸಬೇಕು. ಅದಕ್ಕಿಂತ ಲಾಭದ ಹೂಡಿಕೆ ಇಲ್ಲ.

ಫೋನು, ಟಿವಿ, ಪ್ರವಾಸ, ಎಲ್ಲದಕ್ಕೂ ಈಗ ಕಂತು ಸಿಗುತ್ತದೆ. ಬಡ್ಡಿ ಇಲ್ಲದ ಕಂತು ಎಂದು ಹೇಳುವ ಕಡೆ ಪ್ರೊಸೆಸಿಂಗ್ ಶುಲ್ಕ ಎಷ್ಟು, ನಗದಾಗಿ ಕೊಟ್ಟರೆ ಸಿಗುವ ರಿಯಾಯಿತಿ ಎಷ್ಟು ಎಂದು ಎರಡು ಪ್ರಶ್ನೆ ಕೇಳು. ನನ್ನ ಮಟ್ಟಿಗೆ ನಿಯಮ ಸರಳ: ಬೆಲೆ ಏರುವ ಮನೆಗೆ, ಗಳಿಕೆ ಹೆಚ್ಚಿಸುವ ಓದಿಗೆ, ದುಡಿಮೆಗೆ ಬೇಕಾದ ಗಾಡಿಗೆ ಸಾಲ ಮಾಡಬಹುದು. ಅದೂ ಎಲ್ಲ ಕಂತು ಸೇರಿ ಸಂಬಳದ ಮೂರನೇ ಒಂದು ಪಾಲು ಮೀರಬಾರದು. ಸಾಲದ ಆ್ಯಪುಗಳ ಹತ್ತಿರ ಮಾತ್ರ ಸುಳಿಯಬೇಡ. ವಸೂಲಿಯ ಕಿರುಕುಳ ಎಷ್ಟು ಬಿಗಡಾಯಿಸಿತ್ತೆಂದರೆ ಸಣ್ಣ ಸಾಲಗಾರರನ್ನು ರಕ್ಷಿಸಲು 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಮದುವೆಯ ಸಾಲದ ಬಗ್ಗೆ ಮನಬಿಚ್ಚಿ ಹೇಳುತ್ತೇನೆ. ಎರಡು ದಿನದ ಛತ್ರ, ಹೂವಿನ ಅಲಂಕಾರ, ಡ್ರೋನ್ ವಿಡಿಯೋಗಾಗಿ ಐದು ವರ್ಷ ಕಂತು ಕಟ್ಟುವ ಹೊಸ ದಂಪತಿಗಳನ್ನು ಕಂಡಿದ್ದೇನೆ. ಸರಳ ಮದುವೆಗೆ ನಮ್ಮ ನಾಡಿನಲ್ಲಿ ಗೌರವದ ಪರಂಪರೆಯೇ ಇದೆ. ಕುವೆಂಪು ಮಂತ್ರಮಾಂಗಲ್ಯದ ದಾರಿ ತೋರಿಸಿ, 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಹಾಗೆಯೇ ಮಾಡಿಸಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆಯುತ್ತಿವೆ. ನೀನು ಯಾವ ಪದ್ಧತಿಯಲ್ಲಾದರೂ ಮದುವೆಯಾಗು. ಕೈಯಲ್ಲಿರುವ ದುಡ್ಡಿನಲ್ಲಿ ಆಗು. ಹಿರಿಯರು ಆಡಂಬರಕ್ಕೆ ಒತ್ತಾಯ ಮಾಡಿದರೆ ನನ್ನ ಹತ್ತಿರ ಕಳಿಸು, ನಾನು ಮಾತಾಡುತ್ತೇನೆ.

ಎತ್ತಿಟ್ಟದ್ದನ್ನು ಎಲ್ಲಿಡಬೇಕು

ಮೊದಲು ಕಷ್ಟಕಾಲದ ಗಂಟು. ಆರು ತಿಂಗಳ ಮನೆಖರ್ಚಿನಷ್ಟು ದುಡ್ಡು ಬ್ಯಾಂಕಿನ ಠೇವಣಿಯಲ್ಲಿ, ಬೇಕೆಂದ ದಿನ ಸಿಗುವ ಹಾಗೆ ಇರಲಿ. 2020ರ ಲಾಕ್‌ಡೌನಿನಲ್ಲಿ ಎಷ್ಟೋ ಮಂದಿಯ ಸಂಬಳ ಅರ್ಧವಾಯಿತು, ನಿಂತೇ ಹೋಯಿತು. ಆಗ ಗಂಟು ಇದ್ದವರು ಮನೆಯಲ್ಲಿ ಕೂತು ಮುಂದಿನ ಕೆಲಸ ಹುಡುಕಿದರು. ಇಲ್ಲದವರು ಒಡವೆ ಒತ್ತೆ ಇಟ್ಟರು. ಬ್ಯಾಂಕು ಮುಳುಗಿದರೂ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆಯ ರಕ್ಷಣೆ 2020ರ ಫೆಬ್ರುವರಿಯಿಂದ ಇದೆ. ಅದಕ್ಕಿಂತ ಹೆಚ್ಚಾದಾಗ ಎರಡು ಬ್ಯಾಂಕುಗಳಲ್ಲಿ ಹಂಚಿಡು. ಇದರ ಜೊತೆಗೆ ಆರೋಗ್ಯ ವಿಮೆ ಮಾಡಿಸು. ಕಂಪನಿ ಕೊಡುವ ವಿಮೆ ಕೆಲಸ ಬಿಟ್ಟ ದಿನ ನಿನ್ನ ಜೊತೆ ಬರುವುದಿಲ್ಲ. ಒಂದು ಆಸ್ಪತ್ರೆಯ ಬಿಲ್ಲು ಹತ್ತು ವರ್ಷದ ಉಳಿತಾಯ ನುಂಗಿಹಾಕಬಲ್ಲದು.

ಎರಡನೆಯದು ಭವಿಷ್ಯ ನಿಧಿ. ನಿನ್ನ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 12 ಪಿಎಫ್‌ಗೆ ಹೋಗುತ್ತದೆ, ಕಂಪನಿಯೂ ಅಷ್ಟೇ ಕೊಡುತ್ತದೆ; ಕಂಪನಿಯ ಪಾಲಿನಲ್ಲಿ ಒಂದಂಶ ಪಿಂಚಣಿಗೆ ಸೇರುತ್ತದೆ. 2024-25ಕ್ಕೆ ಅದರ ಬಡ್ಡಿ ಶೇ 8.25 ಇತ್ತು. ಕೆಲಸ ಬದಲಿಸುವಾಗ ಹುಡುಗರು ಪಿಎಫ್ ತೆಗೆದು ಬೈಕು ಕೊಳ್ಳುತ್ತಾರೆ. ಐದು ವರ್ಷ ತುಂಬುವ ಮೊದಲು ತೆಗೆದರೆ ತೆರಿಗೆಯೂ ಬೀಳುತ್ತದೆ, ಬೆಳೆಯುವ ದುಡ್ಡೂ ಹೋಗುತ್ತದೆ. ಅದನ್ನು ಹೊಸ ಖಾತೆಗೆ ವರ್ಗಾಯಿಸು, ಮುಟ್ಟಬೇಡ.

ಪಿಎಫ್ ಇಲ್ಲದವರಿಗೆ, ಸ್ವಂತ ಕಸುಬಿನವರಿಗೆ ಪಿಪಿಎಫ್ ಇದೆ. 1968ರಲ್ಲಿ ಶುರುವಾದ ಈ ಯೋಜನೆಯಲ್ಲಿ ವರ್ಷಕ್ಕೆ 500 ರೂಪಾಯಿಯಿಂದ 1.5 ಲಕ್ಷದವರೆಗೆ ಕಟ್ಟಬಹುದು. ಅವಧಿ 15 ವರ್ಷ. ಬೇಗ ಕೈಗೆ ಸಿಗದಿರುವುದನ್ನು ಕೆಲವರು ದೋಷ ಎನ್ನುತ್ತಾರೆ. ಮುಡಿಪಿಗೆ ಬೇಕಾದ ಗುಣ ಅದೇ. ಅಂಚೆ ಕಚೇರಿಯ ಆರ್‌ಡಿಯಲ್ಲಿ ತಿಂಗಳಿಗೆ 100 ರೂಪಾಯಿಯಿಂದ ಐದು ವರ್ಷ ಕಟ್ಟುವ ಅವಕಾಶವಿದೆ. ಹತ್ತು ವರ್ಷ ಮುಟ್ಟದ ದುಡ್ಡಾದರೆ ಒಂದು ಪಾಲನ್ನು ತಿಂಗಳ ಕಂತಿನಲ್ಲಿ ಮ್ಯೂಚುವಲ್ ಫಂಡಿನ ಎಸ್‌ಐಪಿಗೆ ಹಾಕಬಹುದು. ಏರಿಳಿತ ಇರುತ್ತದೆ, ಇಳಿದಾಗ ಹೆದರಿ ನಿಲ್ಲಿಸುವವರಿಗೆ ಅದು ಆಗದು. ಚಿನ್ನ ಕೊಳ್ಳುವುದಾದರೆ ಒಡವೆಗೆ ಕೊಟ್ಟ ಮಜೂರಿ, ವೇಸ್ಟೇಜ್ ಮಾರುವಾಗ ಮರಳುವುದಿಲ್ಲ ಎಂದು ತಿಳಿದುಕೊಂಡು ಕೊಳ್ಳು. ಚೀಟಿ ಹಾಕುವುದಾದರೆ ಕಾನೂನಿನ ಪ್ರಕಾರ ನೋಂದಣಿಯಾದ ಕಡೆ ಮಾತ್ರ ಹಾಕು.

ಬೇಗ ಶ್ರೀಮಂತರಾಗುವ ದಾರಿಗಳಿಂದ ದೂರ ಇರು. ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ಮಾಡಿದ ಒಂದು ಕೋಟಿಗೂ ಹೆಚ್ಚು ಜನರ ಮೂರು ವರ್ಷದ ಲೆಕ್ಕವನ್ನು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರಲ್ಲಿ ಪ್ರಕಟಿಸಿತು. ನೂರಕ್ಕೆ 93 ಮಂದಿ ನಷ್ಟ ಮಾಡಿಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಂದ ಎಷ್ಟು ಮನೆಗಳು ಹಾಳಾದವೆಂದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅವುಗಳನ್ನು ನಿಷೇಧಿಸಿ ಕಾನೂನು ಮಾಡಿತು. ತಿಂಗಳಿಗೆ ಶೇ 3, ಶೇ 5 ಲಾಭ ಕೊಡುತ್ತೇನೆ ಎಂದು ಯಾರೇ ಹೇಳಲಿ, ನಿನ್ನ ಹತ್ತಿರದ ನೆಂಟರೇ ಹೇಳಲಿ, ಕೈಮುಗಿದು ಎದ್ದು ಬಾ.

ಉಳಿತಾಯ ಯಾತಕ್ಕೆ

ಇಷ್ಟೆಲ್ಲ ಹೇಳಿದ್ದು ಕೇಳಿ ನಿನ್ನನ್ನು ಜಿಪುಣತನಕ್ಕೆ ದೂಡುತ್ತಿದ್ದೇನೆ ಎಂದು ತಿಳಿಯಬೇಡ. ಹೊಟ್ಟೆಗೆ ಸರಿಯಾಗಿ ತಿನ್ನು. ಒಳ್ಳೆಯ ಪುಸ್ತಕ ಕೊಂಡುಕೋ. ಹಲ್ಲು ನೋವು ಬಂದರೆ ಮುಂದೂಡಬೇಡ, ಡಾಕ್ಟರ ಹತ್ತಿರ ಹೋಗು. ಹಬ್ಬಕ್ಕೆ ಊರಿಗೆ ಬರುವ ಬಸ್ ಚಾರ್ಜು ಉಳಿಸಬೇಡ. ಅಪ್ಪ ಅಮ್ಮನ ಔಷಧಿಗೆ, ತಂಗಿಯ ಫೀಸಿಗೆ ಕೊಡುವಾಗ ಲೆಕ್ಕ ಬರೆ, ಆದರೆ ಮನಸ್ಸು ಹಿಂಡಿಕೊಳ್ಳಬೇಡ. ಕಷ್ಟದಲ್ಲಿರುವವರಿಗೆ ಕೊಡುವ ಪುಟ್ಟ ಪಾಲೊಂದು ಪ್ರತಿ ತಿಂಗಳ ಲೆಕ್ಕದಲ್ಲಿ ಇರಲಿ.

ಆಯ್ದಕ್ಕಿ ಲಕ್ಕಮ್ಮನ ಕಥೆ ನಿನಗೆ ಚಿಕ್ಕಂದಿನಲ್ಲಿ ಹೇಳಿದ್ದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ ಗಂಡ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದಾಗ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದ ಶರಣೆ ಆಕೆ. ನಾಳೆಗೆಂದು ಕೂಡಿಡುವುದನ್ನೂ ಆಕೆ ಒಪ್ಪಿದವಳಲ್ಲ. ನಾವು ಅಷ್ಟು ಎತ್ತರದವರಲ್ಲ. ನಮಗೆ ನಾಳೆಯ ಚಿಂತೆ ಇದೆ, ಇರಬೇಕು ಕೂಡ. ಆದರೆ ತನ್ನ ಮನೆಗೆ ಎಷ್ಟು ಬೇಕು ಎಂದು ಆಕೆಗೆ ಖಚಿತವಾಗಿ ಗೊತ್ತಿತ್ತು. ಪಕ್ಕದ ಮನೆಯವರು ಎಷ್ಟು ತಂದರು ಎಂದು ಆಕೆ ನೋಡಲಿಲ್ಲ. ಇಷ್ಟನ್ನು ಆಕೆಯಿಂದ ಕಲಿ. ನಿನ್ನ ಸಹೋದ್ಯೋಗಿಯ ಕಾರು, ಗೆಳತಿಯ ಮಾಲ್ಡೀವ್ಸ್ ಪ್ರವಾಸದ ಫೋಟೋ ನಿನ್ನ ಅಗತ್ಯದ ಪಟ್ಟಿಯನ್ನು ಬರೆಯಬಾರದು.

ಉಳಿತಾಯ ಕೊಡುವ ದೊಡ್ಡ ಸುಖ ಸ್ವಾತಂತ್ರ್ಯ. ಬ್ಯಾಂಕಿನಲ್ಲಿ ಒಂದು ವರ್ಷದ ಖರ್ಚು ಇರುವವರು ಅವಮಾನ ಮಾಡುವ ಮೇಲಧಿಕಾರಿಯ ಎದುರು ತಲೆ ತಗ್ಗಿಸಬೇಕಿಲ್ಲ. ಮನಸ್ಸಿಗೆ ಒಪ್ಪದ ಕೆಲಸ ಬಿಡಬಹುದು, ಮತ್ತೆ ಓದಬಹುದು, ಕಾಯಿಲೆ ಬಿದ್ದ ಅಮ್ಮನ ಪಕ್ಕದಲ್ಲಿ ಒಂದು ತಿಂಗಳು ಕೂರಬಹುದು. ಹೆಣ್ಣುಮಕ್ಕಳಿಗಂತೂ ತಮ್ಮ ಹೆಸರಿನಲ್ಲಿರುವ ದುಡ್ಡು ದೊಡ್ಡ ಧೈರ್ಯ. ಹಿಂದಿನವರು ಸಾಸಿವೆ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದರು. ನಿನಗೆ ಬಚ್ಚಿಡುವ ಅಗತ್ಯವಿಲ್ಲ, ನಿನ್ನ ಹೆಸರಿನ ಖಾತೆಯಲ್ಲಿ ನಿನ್ನ ನಾಮಿನಿಯ ಹೆಸರು ಬರೆಸಿ ತಲೆ ಎತ್ತಿ ಇಡು.

ನಡುವೆ ಒಂದು ತಿಂಗಳು ತಪ್ಪುತ್ತದೆ. ಯಾರದೋ ಮದುವೆ, ಗಾಡಿ ರಿಪೇರಿ, ಬಾಡಿಗೆ ಮನೆಯ ಅಡ್ವಾನ್ಸು, ಏನೋ ಒಂದು ಬರುತ್ತದೆ. ತಪ್ಪಿತೆಂದು ಪೂರ್ತಿ ಬಿಟ್ಟುಬಿಡಬೇಡ. ಮುಂದಿನ ತಿಂಗಳು ಒಂದನೇ ತಾರೀಖಿನಿಂದ ಮತ್ತೆ ಶುರು ಮಾಡು. ಈ ವಾರವೇ ಎರಡನೆಯ ಖಾತೆಯ ಕೆಲಸ ಮುಗಿಸು, ಕಡಿತದ ಸೂಚನೆ ಬರೆದುಕೊಡು, ಒಂದು ನೋಟ್‌ಬುಕ್ ತಂದಿಟ್ಟುಕೋ. ನಿನ್ನ ಎರಡನೆಯ ಸಂಬಳ ಬರುವಾಗ ಅದರ ಮೊದಲ ಪಾಲು ನಿನ್ನ ನಾಳೆಗೆ ಹೋಗಲಿ. ಇದಿಷ್ಟನ್ನು ನಡೆಸಿಕೊಡು ಮಗು, ನಿನ್ನಿಂದ ನಾನು ಬೇರೇನೂ ಕೇಳುವುದಿಲ್ಲ.